ಹಿರಿಯಡ್ಕ ಕಡೆಯ ತೋಟದಿಂದ ಬರುವ ವಾರದ ತರಕಾರಿ ಚೀಲ

ಹಿರಿಯಡ್ಕ ಸಮೀಪದ ಒಂದೂವರೆ ಎಕರೆ ತೋಟವೊಂದರಿಂದ ಮಣಿಪಾಲ, ಇಂದ್ರಾಳಿ, ಕುಂಜಿಬೆಟ್ಟು ಭಾಗದ ಸುಮಾರು ಇಪ್ಪತ್ತು ಮನೆಗಳಿಗೆ ಪ್ರತಿ ಶನಿವಾರ ಬೆಳಿಗ್ಗೆ ತರಕಾರಿ ಚೀಲ ಬರುತ್ತದೆ. ವಾರಕ್ಕೆ 350 ರೂಪಾಯಿ. ತಿಂಗಳ ಹಣವನ್ನು ಮುಂಗಡವಾಗಿ ಕೊಡಬೇಕು. ನಮ್ಮ ಮನೆಗೆ ಕಳೆದ ಮಳೆಗಾಲದಿಂದ ಬರುತ್ತಿರುವ ಕಾರಣ, ಮೂರೂ ಕಾಲದ ಚೀಲವನ್ನು ನೋಡಿಯೇ ಇದನ್ನು ಬರೆಯುತ್ತಿದ್ದೇನೆ. ಈಗಿರುವ ಮನೆಗಳಿಗೇ ಸೊಪ್ಪು ಸಾಲುತ್ತಿಲ್ಲ, ಹೆಸರು ಹಾಕಬೇಡಿ ಎಂದು ತೋಟದ ದಂಪತಿ ಕೇಳಿಕೊಂಡಿದ್ದರಿಂದ ಹೆಸರನ್ನು ಬಿಟ್ಟಿದ್ದೇನೆ.

ಬೆಲೆ ಅಂಗಡಿಗಿಂತ ಹೆಚ್ಚೆಂಬುದರಲ್ಲಿ ಅನುಮಾನವಿಲ್ಲ. ಆದರೆ ಈ ಚೀಲವೇ ಆ ತೋಟದ ಮೊದಲ ಆದಾಯ ಎಂಬುದನ್ನು ತಿಳಿದರೆ ಲೆಕ್ಕ ಸ್ವಲ್ಪ ಬೇರೆಯಾಗಿ ಕಾಣುತ್ತದೆ. 1970ರ ದಶಕದಲ್ಲಿ ಆಸ್ಟ್ರೇಲಿಯಾದ ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ ರೂಪಿಸಿದ ಪರ್ಮಾಕಲ್ಚರ್ ಕ್ರಮದಲ್ಲಿ ಇವರು ತೆಂಗು, ಅಡಿಕೆ, ಜೀಗುಜ್ಜೆ, ಪುನರ್ಪುಳಿ, ಕಾಳುಮೆಣಸುಗಳನ್ನು ಒಂದರ ನೆರಳು ಇನ್ನೊಂದಕ್ಕೆ ಒದಗುವಂತೆ ನೆಟ್ಟಿದ್ದಾರೆ. ಮೆಣಸಿನ ಬಳ್ಳಿಗೆ ಮೂರು ವರ್ಷ, ಅಡಿಕೆಗೆ ಐದಾರು ವರ್ಷ ಕಾಯಬೇಕು. ಬೀಜದಿಂದ ಎದ್ದ ಪುನರ್ಪುಳಿ ಅದಕ್ಕೂ ಹೆಚ್ಚು ಕಾಯಿಸುತ್ತದೆ. ಅಲ್ಲಿಯವರೆಗೆ ಮನೆಖರ್ಚು ನಡೆಯಬೇಕಲ್ಲ! ಹರಿವೆಯನ್ನು ಬಿತ್ತಿದ ತಿಂಗಳಲ್ಲಿ ಕೀಳಬಹುದು, ಅಲಸಂಡೆ ಎರಡು ತಿಂಗಳೊಳಗೆ ಕೊಯ್ಲಿಗೆ ಸಿಗುತ್ತದೆ, ಬಾಳೆ ಒಂದು ವರ್ಷದಲ್ಲಿ ಗೊನೆ ಕೊಡುತ್ತದೆ. ಇಪ್ಪತ್ತು ಮನೆಗಳ ಮುಂಗಡವೆಂದರೆ ತಿಂಗಳಿಗೆ 28,000 ರೂಪಾಯಿ; ಅದರಲ್ಲಿ ಬೀಜ, ಹಟ್ಟಿಗೊಬ್ಬರ, ಸ್ಕೂಟರಿನ ಪೆಟ್ರೋಲು, ಕಳೆ ಕೀಳಲು ಬರುವವರ ಸಂಬಳ ಎಲ್ಲವೂ ಹೋಗಬೇಕು.

ಚೀಲದ ನಿಜವಾದ ಬೆಲೆ ಗೊತ್ತಾಗುವುದು ಜುಲೈ-ಆಗಸ್ಟ್‌ನ ಆಟಿ ತಿಂಗಳಲ್ಲಿ. ಮಳೆ ಹೊಡೆತಕ್ಕೆ ಊರಿನ ತರಕಾರಿಯೆಲ್ಲ ಮಲಗಿ, ಮಾರುಕಟ್ಟೆಯಲ್ಲಿ ಘಟ್ಟದ ಮೇಲಿಂದ ಬಂದದ್ದೇ ತುಂಬಿರುವ ಆ ದಿನಗಳಲ್ಲಿ ಇವರ ಚೀಲದಿಂದ ಪತ್ರೊಡೆಗೆ ಮರಕೆಸುವಿನ ಎಲೆ, ತಜಂಕು ಸೊಪ್ಪು, ತಂಬುಳಿಗೆ ಬೇರುಸಹಿತ ಒಂದೆಲಗ, ಅಂಬಟೆಕಾಯಿ, ಬಾಳೆದಿಂಡು ಒಂದೊಂದಾಗಿ ಹೊರಬರುತ್ತವೆ. ನಾಗರಪಂಚಮಿಯ ವಾರ ಅರಶಿನ ಎಲೆಯ ಕಟ್ಟು ಕೇಳದೆಯೇ ಬಂದಿತ್ತು. ಇವುಗಳಲ್ಲಿ ಹೆಚ್ಚಿನವಕ್ಕೆ ಬೀಜದ ಖರ್ಚೂ ಇಲ್ಲ, ಮದ್ದಿನ ಖರ್ಚೂ ಇಲ್ಲ; ಮರದ ಬುಡದಲ್ಲಿ, ಕಟ್ಟಪುಣಿಯಲ್ಲಿ (ಗದ್ದೆಯ ಬದುವಿನಲ್ಲಿ) ತಾವಾಗಿ ಬರುತ್ತವೆ. ಮಂಗ, ನವಿಲುಗಳೂ ಇವುಗಳ ತಂಟೆಗೆ ಅಷ್ಟಾಗಿ ಹೋಗುವುದಿಲ್ಲವಂತೆ. ಪೇಟೆಯ ಮನೆಗೆ ಬೇಕಾದದ್ದೂ ಅದೇ, ತೋಟಕ್ಕೆ ಲಾಭವಾಗುವುದೂ ಅದೇ.

ಬಸಳೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಬಾಳೆನಾರಿನಲ್ಲಿ ಕಟ್ಟಿದ ಸೂಡಿ, ಹೆಬ್ಬೆರಳು ಗಾತ್ರದ ದಂಟು; ಉಗುರು ಒತ್ತಿದರೆ ಲೋಳೆ ಒಸರುವಷ್ಟು ತಾಜಾ. ಮಳೆಗಾಲದಲ್ಲಿ ಎಲೆಯ ಮೇಲೆ ಕೆಂಪು ಅಂಚಿನ ಚುಕ್ಕೆಗಳಿರುತ್ತವೆ, ಕೆಲವು ಎಲೆ ತೂತಾಗಿರುತ್ತವೆ. ಅದು ನಮ್ಮ ಕರಾವಳಿಯ ತೇವದಲ್ಲಿ ಬಸಳೆಗೆ ಬರುವ ಮಾಮೂಲಿ ಚುಕ್ಕೆರೋಗ; ಆ ಎಲೆಗಳನ್ನು ತೆಗೆದುಹಾಕಿ ದಂಟನ್ನು ಹಲಸಿನ ಬೀಜದ ಜೊತೆ ಬೇಯಿಸಿದರೆ ರುಚಿಗೇನೂ ಕೊರತೆಯಾಗುವುದಿಲ್ಲ. ಚುಕ್ಕೆಯಿಲ್ಲದ ಸೊಪ್ಪೇ ಬೇಕೆನ್ನುವವರು ಈ ಚೀಲಕ್ಕೆ ಸೇರದಿರುವುದು ಇಬ್ಬರಿಗೂ ಕ್ಷೇಮ.

ಸಾವಯವ ಮುದ್ರೆ ಇಲ್ಲ. ಸಣ್ಣ ಬೆಳೆಗಾರರು ತಾವೇ ನೇರವಾಗಿ ಗ್ರಾಹಕರಿಗೆ ಮಾರುವಾಗ ಪ್ರಮಾಣಪತ್ರದಿಂದ ವಿನಾಯಿತಿ ಕೊಡುವ ಅವಕಾಶ ಸಾವಯವ ಆಹಾರದ ಕುರಿತ ಕೇಂದ್ರದ 2017ರ ನಿಯಮಗಳಲ್ಲಿದೆ; ಯಾವಾಗ ಬೇಕಾದರೂ ತೋಟಕ್ಕೆ ಬಂದು ನೋಡಿ ಎಂಬುದೇ ಇವರ ಖಾತರಿ. ಅದನ್ನು ನಂಬಲು ನನಗೆ ಇನ್ನೊಂದು ಕಾರಣವೂ ಇದೆ. ಇವರು ಬೆಳೆಯುವ ಗುಳ್ಳವನ್ನು (ಗುಂಡು ಬದನೆಯನ್ನು) ಬರೀ ಗುಳ್ಳ ಎಂದೇ ಬರೆದು ಕೊಡುತ್ತಾರೆ. 2011ರಲ್ಲಿ ಭೌಗೋಳಿಕ ಸೂಚ್ಯಂಕ (ಜಿಐ) ಪಡೆದ, ಉಡುಪಿ ಸಮೀಪದ ಮಟ್ಟು ಊರಿನ ಮಟ್ಟುಗುಳ್ಳದ ಹೆಸರು ಹಾಕಿದ್ದರೆ ಹತ್ತು ರೂಪಾಯಿ ಹೆಚ್ಚು ಕೇಳಬಹುದಿತ್ತು, ಉಡುಪಿಯಲ್ಲಿ ಹಾಗೆ ಮಾರುವವರಿಗೇನೂ ಕಡಿಮೆಯಿಲ್ಲ.

ನನ್ನ ದೊಡ್ಡ ತಕರಾರು ಅಕ್ಟೋಬರ್-ನವೆಂಬರ್ ತಿಂಗಳ ಚೀಲದ ಬಗ್ಗೆ. ಮಳೆ ಬಿಟ್ಟು ಹೊಸ ಸಾಲಿನ ತರಕಾರಿ ಕೈಗೆ ಬರುವ ನಡುವಿನ ಆ ವಾರಗಳಲ್ಲಿ ಹೂಕೋಸು, ಟೊಮೆಟೊ, ಕ್ಯಾರೆಟ್ ಬಂದವು. ಒಂದೂ ಆ ತೋಟದ್ದಲ್ಲ, ಹಾಗೆಂದು ತಿಳಿಸಿಯೂ ಇರಲಿಲ್ಲ. ಕೇಳಿದಾಗ, "ಮುಂಗಡ ತೆಗೆದುಕೊಂಡ ಮೇಲೆ ಚೀಲ ಸಣ್ಣದು ಮಾಡಿ ಕೊಡಲು ಸಂಕೋಚ ಆಯ್ತು ಅಕ್ಕ" ಎಂದರು. ಸಂಕೋಚ ಅರ್ಥವಾಗುತ್ತದೆ, ಆದರೆ ಘಟ್ಟದ ತರಕಾರಿಗೆ ನಾನು 350 ರೂಪಾಯಿ ಕೊಡಬೇಕಾಗಿಲ್ಲ. ಪೇಟೆಯಿಂದ ಕೊಂಡು ತುಂಬಿಸಿದರೆ ಅವರಿಗೂ ಉಳಿಯುವುದೇನಿಲ್ಲ. ಚೀಲ ಸಣ್ಣದಾದರೆ ಹಣವನ್ನು ಮುಂದಿನ ತಿಂಗಳಿಗೆ ಹೊಂದಿಸಿಕೊಳ್ಳಬಹುದು ಎಂದು ಹೇಳಿದ ನಂತರ ಆ ಪದ್ಧತಿ ನಿಂತಿದೆ. ಈಗ ಚೀಲದೊಳಗೆ ಚೀಟಿ ಇರುತ್ತದೆ, ಆದರೆ ಅದರಲ್ಲಿ ತೂಕ ಮಾತ್ರ ಇನ್ನೂ ಬರೆಯುತ್ತಿಲ್ಲ.

ಬೇಸಿಗೆಯದ್ದು ಮಧ್ಯಮ. ಏಪ್ರಿಲ್ ಹೊತ್ತಿಗೆ ಬಾವಿಯ ನೀರು ಇಳಿದು ಸೊಪ್ಪು ಕಡಿಮೆಯಾಗುತ್ತದೆ. ಗುಜ್ಜೆ, ಮಾವಿನಕಾಯಿ, ಸೌತೆಕಾಯಿ ಮೇಲೆಯೇ ಚೀಲ ನಿಲ್ಲುತ್ತದೆ. ಆ ಸೌತೆಯನ್ನು ಕಟ್ಟಿ ತೂಗುಹಾಕಿದರೆ ಮಳೆಗಾಲದ ಹುಳಿಗೂ ಆಗುತ್ತದೆ.

ಜಾಗ ಖಾಲಿಯಾದಾಗ ಸೇರಬೇಕೆಂದಿರುವವರು ಬೇಸಿಗೆಯಲ್ಲಿಯೇ ಹೇಳಿಟ್ಟು ಮಳೆಗಾಲದಿಂದ ಆರಂಭಿಸುವುದು ಒಳ್ಳೆಯದು. ಮೂರು ತಿಂಗಳ ಹಣ ಒಟ್ಟಿಗೆ ಕೊಟ್ಟರೆ ಐವತ್ತು ರೂಪಾಯಿ ಬಿಡುತ್ತಾರೆ. ಆದರೂ ಮೊದಲಿಗೆ ಒಂದೇ ತಿಂಗಳದ್ದು ಕೊಟ್ಟು, ನಿಮ್ಮ ಮನೆಯಲ್ಲಿ ತಜಂಕು, ಒಂದೆಲಗ ತಿನ್ನುವವರು ಎಷ್ಟು ಮಂದಿ ಎಂಬುದನ್ನು ನೋಡಿಕೊಳ್ಳಿ.