ಕೆನಡಾದಲ್ಲಿ ಮೂಸ್ ತೋರಿಸ್ತೀವಿ ಅಂತ ದುಡ್ಡು ಕೇಳಿದರೆ, ಯಾವ ತಿಂಗಳು ಅಂತ ಮೊದಲು ಕೇಳಿ

ತುಮಕೂರಿನ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಆ ಪೋಸ್ಟರ್ ಮತ್ತೆ ಓಡಾಡುತ್ತಿದೆ. ಹಿಮದ ಮೇಲೆ ನಿಂತ ಮೂಸ್ ಎಂಬ ದೈತ್ಯ ಜಿಂಕೆ, ಮೊರದಗಲ ಕೊಂಬು, ಕೆಳಗೆ ‘ಕೆನಡಾ ಮೂಸ್ ಸಫಾರಿ, ನೋಡುವುದು ಗ್ಯಾರಂಟಿ’ ಎಂಬ ದಪ್ಪ ಅಕ್ಷರ. ಕಳೆದ ವರ್ಷ ಇದನ್ನೇ ನೋಡಿ ನಾನು, ನನ್ನ ಮನೆಯವಳು, ಭಾವಮೈದುನ, ಅವನ ಹೆಂಡತಿ ಹೋಗಿ ಬಂದೆವು. ತಲೆಗೆ 3 ಲಕ್ಷದ ಮೇಲೆ ಬಿತ್ತು. ಏಜೆನ್ಸಿಯ ಹೆಸರು ಇಲ್ಲಿ ಹಾಕುವುದಿಲ್ಲ, ದೂರು ಇನ್ನೂ ನಡೆಯುತ್ತಿದೆ. ಅವರು ಮಾರುವ ರೀತಿ ಹೇಳುತ್ತೇನೆ. ಅದು ಗೊತ್ತಿದ್ದರೆ ಯಾವ ಹೆಸರಿನಲ್ಲಿ ಬಂದರೂ ಗುರುತು ಸಿಗುತ್ತದೆ.

ಮೊದಲು ಆ ಫೋಟೋ. ಟೂರ್ ಇದ್ದದ್ದು ಜೂನ್‌ನಲ್ಲಿ. ಮೂಸ್ ಜಿಂಕೆ ಜಾತಿಯಲ್ಲೇ ಎಲ್ಲಕ್ಕಿಂತ ದೊಡ್ಡ ಪ್ರಾಣಿ. ಗಂಡಿನ ಕೊಂಬು ನಮ್ಮ ಕೃಷ್ಣಮೃಗದ ಕೊಂಬಿನ ಹಾಗೆ ವರ್ಷಪೂರ್ತಿ ತಲೆ ಮೇಲೆ ಇರುವುದಿಲ್ಲ. ಚಳಿಗಾಲದಲ್ಲಿ ಉದುರಿ, ವಸಂತದಲ್ಲಿ ಹೊಸದಾಗಿ ಹುಟ್ಟುತ್ತದೆ. ಜೂನ್‌ನಲ್ಲಿ ಅದು ಅರ್ಧ ಬೆಳೆದಿರುತ್ತದೆ, ಮೇಲೆ ಮೆತ್ತನೆಯ ಚರ್ಮ ಹೊದ್ದಿರುತ್ತದೆ. ಪೂರ್ತಿ ಬೆಳೆದು ಚರ್ಮ ಕಳಚುವುದು ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ. ಅಂದರೆ ಜೂನ್ ಟೂರ್‌ಗೆ ಹಿಮ ಮತ್ತು ಬಲಿತ ಕೊಂಬಿನ ಫೋಟೋ ಹಾಕಿದ್ದಾರೆ ಎಂದರೆ, ಹಾಕಿದವರಿಗೆ ಪ್ರಾಣಿಯ ಬಗ್ಗೆ ಗೊತ್ತಿಲ್ಲ, ಇಲ್ಲವೇ ನಮಗೆ ಗೊತ್ತಿಲ್ಲ ಎನ್ನುವ ಧೈರ್ಯ ಇದೆ.

ಜೂನ್ ಕೂಡ ಉಳಿಯಲಿಲ್ಲ. ವೀಸಾ ಫೈಲು ಹಾಕಿದ್ದೇ ತಡವಾಗಿ, ವೀಸಾ ಕೈಗೆ ಬಂದಾಗ ಜುಲೈ. ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಡಬೇಕು ಎಂಬುದನ್ನೂ ಕೊನೆಗೆ ಹೇಳಿದರು. ಟೂರ್ ಆಗಸ್ಟ್‌ಗೆ ಹೋಯಿತು. ನಾನು ಎಸ್.ಎಸ್. ಪುರಂನ ಅವರ ಆಫೀಸಿಗೇ ಹೋಗಿ ತಿಂಗಳು ಬದಲಾದರೆ ತೊಂದರೆ ಇಲ್ವಾ ಎಂದು ಕೇಳಿದೆ. ಹುಡುಗ ನಕ್ಕುಬಿಟ್ಟ. “ಆಗಸ್ಟ್ ಆದ್ರೆ ಏನಣ್ಣಾ, ಪ್ರಾಣಿ ಎಲ್ಲಿಗ್ ಹೋಗುತ್ತೆ? ಮೈದನಹಳ್ಳಿಲಿ ಜಿಂಕೆ ನೋಡ್ದಂಗೆ ನೋಡ್ಕೊಂಡು ಬರ್ತೀರ.”

ಈ ಮೈದನಹಳ್ಳಿ ಮಾತೇ ನಮ್ಮ ಕಡೆಯವರನ್ನು ಬೀಳಿಸುವುದು. ಮಧುಗಿರಿ ತಾಲ್ಲೂಕಿನ ಆ ಹುಲ್ಲುಗಾವಲು ಬಟ್ಟಬಯಲು. ಕೃಷ್ಣಮೃಗ ಹಿಂಡುಹಿಂಡಾಗಿ ಮೇಯುತ್ತದೆ, ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಮೂಸ್ ಹಾಗಲ್ಲ. ಹಿಂಡು ಕಟ್ಟುವುದಿಲ್ಲ. ಹೆಣ್ಣಿನ ಜೊತೆ ಮರಿ ಇದ್ದರೆ ಉಂಟು, ಇಲ್ಲದಿದ್ದರೆ ಒಂಟಿ. ಇರುವುದು ದಟ್ಟ ಕಾಡಿನಲ್ಲಿ. ಭುಜದ ಹತ್ತಿರವೇ ಆರಡಿ ಎತ್ತರ ಇದ್ದರೂ ನಾಲ್ಕು ಹೆಜ್ಜೆ ಒಳಗೆ ಸರಿದರೆ ಕಾಣುವುದಿಲ್ಲ.

ಇನ್ನು ‘ಎಲ್ಲಿಗ್ ಹೋಗುತ್ತೆ’ ಅನ್ನೋದು. ನಮ್ಮನ್ನು ಕರೆದುಕೊಂಡು ಹೋಗಿದ್ದು ಟೊರಾಂಟೊದಿಂದ ಉತ್ತರಕ್ಕೆ ಸುಮಾರು ಮೂರು ಗಂಟೆ ದಾರಿಯ ಅಲ್ಗಾಂಕ್ವಿನ್ ಪಾರ್ಕ್‌ಗೆ. 1893ರಲ್ಲಿ ಪಾರ್ಕ್ ಆದ ದೊಡ್ಡ ಅರಣ್ಯ. ಹೈವೇ 60 ಅದರೊಳಗೆ 56 ಕಿಲೋಮೀಟರ್ ಹಾಯುತ್ತದೆ. ಜಾಗ ಸರಿಯಾದದ್ದೇ, ತಕರಾರಿಲ್ಲ. ಅಲ್ಲಿ ಚಳಿಗಾಲದಲ್ಲಿ ಮಂಜು ಕರಗಲಿ ಎಂದು ರಸ್ತೆಗೆ ಉಪ್ಪು ಹಾಕುತ್ತಾರೆ. ಆ ಉಪ್ಪು ಪಕ್ಕದ ಚರಂಡಿಗೆ ಇಳಿಯುತ್ತದೆ. ಚಳಿಗಾಲವಿಡೀ ಕಡ್ಡಿ, ಚಿಗುರು ತಿಂದ ಮೂಸ್‌ಗೆ ಉಪ್ಪಿನ ಅಂಶ ಸಿಕ್ಕಿರುವುದಿಲ್ಲ. ಹಾಗಾಗಿ ಮೇ, ಜೂನ್‌ನಲ್ಲಿ ರಸ್ತೆಪಕ್ಕಕ್ಕೇ ಬಂದು ಚರಂಡಿ ನೀರು ಕುಡಿಯುತ್ತದೆ. ಜನ ಕಾರಲ್ಲಿ ಕೂತೇ ನೋಡುವುದು ಆಗ. ಆಮೇಲೆ ಕೆರೆ, ಜೌಗಿನಲ್ಲಿ ನೀರುಗಿಡ ಬೆಳೆಯುತ್ತದೆ, ಉಪ್ಪು ಅದರಲ್ಲೇ ಸಿಗುತ್ತದೆ, ರಸ್ತೆ ಕಡೆ ಬರುವ ಅಗತ್ಯ ಕಡಿಮೆ. ಇದರ ಮೇಲೆ ಸೆಖೆ. ನಮಗೆ ಸ್ವೆಟರ್ ಬೇಕಾಗುವ 14 ಡಿಗ್ರಿ ದಾಟಿದರೇ ಬೇಸಿಗೆಯಲ್ಲಿ ಮೂಸ್‌ಗೆ ಬಿಸಿ ತಾಗಲು ಶುರು. ಆಗಸ್ಟ್ ಮಧ್ಯಾಹ್ನ ಅದು ನೆರಳಲ್ಲಿ ಮಲಗಿರುತ್ತದೆ, ಯಾರ ಗ್ಯಾರಂಟಿಗೂ ಎದ್ದು ಬರುವುದಿಲ್ಲ.

ನಮ್ಮ ವ್ಯಾನು ಟೊರಾಂಟೊ ಬಿಟ್ಟಿದ್ದು ಆರಾಮಾಗಿ ತಿಂಡಿ ಮುಗಿಸಿದ ಮೇಲೆ. ಪಾರ್ಕ್ ತಲುಪಿದಾಗ ನೆತ್ತಿ ಮೇಲೆ ಬಿಸಿಲು. ಗೈಡ್ ಇಲ್ಲ, ಡ್ರೈವರ್ ಒಬ್ಬನೇ. ಬಂಡೀಪುರದ ಹಾಗೆ ಅರಣ್ಯ ಇಲಾಖೆಯ ಸಫಾರಿ ಬಸ್ಸು ಅಲ್ಲಿಲ್ಲ. ನಾವೇ ಗಾಡಿ ಓಡಿಸಬೇಕು, ನಡೆಯಬೇಕು, ಇಲ್ಲ ಗೈಡ್ ಜೊತೆ ದೋಣಿಯಲ್ಲಿ ಹೋಗಬೇಕು. ಇದ್ಯಾವುದೂ ನಮ್ಮ ಪ್ಯಾಕೇಜಿನಲ್ಲಿ ಇರಲಿಲ್ಲ. ಹಿಂದೆ ಮುಂದೆ ಸುಮ್ನೆ ಓಡಾಡಿಸಿ ವಿಸಿಟರ್ ಸೆಂಟರ್ ಮುಂದೆ ಇಳಿಸಿದ. ಒಳಗೆ ಗಾಜಿನ ಕಣ್ಣಿಟ್ಟು, ಒಣಹುಲ್ಲಿನ ನಡುವೆ ನಿಲ್ಲಿಸಿದ ಮೂಸ್. ಸತ್ತದ್ದು. ಪ್ರದರ್ಶನ ಚೆನ್ನಾಗಿತ್ತು, ಅದು ಬೇರೆ ಮಾತು. ಭಾವಮೈದುನ ಅದರ ಮುಂದೆ ನಿಂತು “ಭಾವ, ಒಂದು ಫೋಟೋ ತೆಗೀರಿ, ಇಷ್ಟೇ ಅನ್ಸುತ್ತೆ” ಅಂದ. ಸರಿಯಾಗಿಯೇ ಹೇಳಿದ್ದ.

ವಾಪಸ್ ಹೊರಟಿದ್ದು ಕತ್ತಲಾಗುವಾಗ, ಅದೂ ಜೋರಾಗಿ. ಅಲ್ಲಿನ ರಸ್ತೆಗಳಲ್ಲಿ ಮೂಸ್ ಚಿತ್ರ ಹಾಕಿ ರಾತ್ರಿ ಅಪಾಯ ಎಂದು ಹಳದಿ ಬೋರ್ಡ್ ನಿಲ್ಲಿಸಿರುವುದು ಅಲಂಕಾರಕ್ಕಲ್ಲ. ಮೈ ಕಡುಕಂದು, ಕಾಲು ಉದ್ದ. ಹೆಡ್‌ಲೈಟ್ ಕಾಲಿಗೆ ಬೀಳುತ್ತದೆ, ಕಣ್ಣು ಬೆಳಕಿಗಿಂತ ಮೇಲಿರುತ್ತದೆ, ಹೊಳೆಯುವುದಿಲ್ಲ. ಕಾರು ಗುದ್ದಿದರೆ ಕಾಲು ಮುರಿದು 400-500 ಕಿಲೋ ದೇಹ ಮುಂದಿನ ಗಾಜಿನ ಮೇಲೆ ಬೀಳುತ್ತದೆ. ಡ್ರೈವರ್ ಒಮ್ಮೆಗೇ ಬ್ರೇಕ್ ಒತ್ತಿದಾಗ ನನಗೆ ಕಂಡದ್ದು ಬೆಳಕಿನಲ್ಲಿ ನಾಲ್ಕು ಕಾಲು, ಅಷ್ಟೇ. ಅವು ರಸ್ತೆ ದಾಟಿ ಹೋದವು. ನನ್ನ ಮನೆಯವಳ ಹಣೆ ಮುಂದಿನ ಸೀಟಿಗೆ ಬಡಿದು ಊದಿಕೊಂಡಿತು.

ಊರಿಗೆ ಬಂದು ದುಡ್ಡು ಕೇಳಿದರೆ ಏನು ಉತ್ತರ ಬಂತು ಗೊತ್ತಾ? “ನೋಡಿದ್ರಲ್ಲಾ ಸರ್, ಮ್ಯೂಸಿಯಂನಲ್ಲಿ ಒಂದು, ರೋಡಲ್ಲಿ ಒಂದು.” ಅಣ್ಣ ಹೋಗಿ ಸರ್ ಆಗಿದ್ದೆ. ಒಪ್ಪಂದದ ಕಾಗದದಲ್ಲಿ ‘ಮೂಸ್ ತೋರಿಸಲಾಗುವುದು’ ಎಂದಷ್ಟೇ ಇತ್ತು. ಜೀವಂತ ಎಂಬ ಪದ ಇರಲಿಲ್ಲ.

ದುಡ್ಡಿನ ಕಡೆ ಇನ್ನೊಂದು ಗುರುತು ಇದೆ, ಫೋಟೋಗಿಂತ ಮುಖ್ಯ. ವಿದೇಶಿ ಟೂರ್ ಪ್ಯಾಕೇಜ್ ಮಾರುವವರು ನಮ್ಮ ಪ್ಯಾನ್ ನಂಬರ್ ತೆಗೆದುಕೊಂಡು ಟಿಸಿಎಸ್, ಅಂದರೆ ಮಾರುವವರೇ ನಮ್ಮಿಂದ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ, ಹಿಡಿಯಲೇಬೇಕು. ಅದು ನಮ್ಮ ಆದಾಯ ತೆರಿಗೆ ಖಾತೆಯಲ್ಲಿ ಕಾಣಿಸುತ್ತದೆ, ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಸಿಗುತ್ತದೆ. ಇವರು “ಟಿಸಿಎಸ್ ಉಳಿಸಿಕೊಡ್ತೀವಿ” ಎಂದು ಅರ್ಧ ಹಣವನ್ನು ಯಾರದೋ ಸ್ವಂತ ಯುಪಿಐ ನಂಬರಿಗೆ ಹಾಕಿಸಿಕೊಂಡರು. ಉಳಿತಾಯ ಅಲ್ಲ ಅದು, ಅವರ ಲೆಕ್ಕದಲ್ಲಿ ನಾವು ಇಲ್ಲದಂತೆ ಮಾಡುವ ಉಪಾಯ.

ನಾವು ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆವು, ಆಮೇಲೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದೆವು. 2019ರ ಕಾಯ್ದೆ ಪ್ರಕಾರ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲೇ ಇರಲಿ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಪೋಸ್ಟರ್, ಚಾಟ್, ಯುಪಿಐ ರಸೀದಿ ಯಾವುದನ್ನೂ ಅಳಿಸಬೇಡಿ.

ನಿಜವಾಗಿ ಮೂಸ್ ನೋಡುವ ಆಸೆ ಇರುವವರು ಮೇ ಕೊನೆಯಿಂದ ಜೂನ್ ನೋಡಿಕೊಳ್ಳಿ. ಆಗ ಸೊಳ್ಳೆ, ಕರಿನೊಣ ಕಾಟ ಜಾಸ್ತಿ, ಅದಕ್ಕೆ ತಯಾರಾಗಿ. ಕೊಂಬು ನೋಡಲೇಬೇಕು ಅಂದರೆ ಸೆಪ್ಟೆಂಬರ್ ಕೊನೆ. ಆದರೆ ಅದು ಬೆದೆಗಾಲ, ಗಂಡು ಕೆರಳಿರುತ್ತದೆ, ಹತ್ತಿರ ಹೋಗಬಾರದು. ಯಾವ ತಿಂಗಳಾದರೂ ಪಾರ್ಕಿನ ಪಕ್ಕದ ಹಂಟ್ಸ್‌ವಿಲ್ ಅಥವಾ ವಿಟ್ನಿಯಲ್ಲಿ ರಾತ್ರಿ ತಂಗಿ, ಬೆಳಗಿನ ಜಾವ ಹೊರಡಬೇಕು. ಟೊರಾಂಟೊದಿಂದ ಹೋಗಿ ಅದೇ ದಿನ ಬರುವ ಪ್ಲಾನ್ ಆದರೆ ಬಿಡಿ.

ಈ ಸಲದ ಬ್ಯಾಚ್‌ಗೆ ಆಗಲೇ ಮುಂಗಡ ಕೊಟ್ಟವರು ನಮ್ಮೂರಲ್ಲೇ ಇದ್ದಾರೆ ಎಂದು ಕೇಳಿದೆ. ರಾತ್ರಿ ತಂಗುವುದು ಎಲ್ಲಿ, ಪಾರ್ಕ್ ಒಳಗೆ ಹೋಗುವುದು ಎಷ್ಟು ಗಂಟೆಗೆ, ಜೊತೆಗೆ ಬರುವ ಗೈಡ್ ಯಾರು, ಟಿಸಿಎಸ್ ರಸೀದಿ ಯಾವಾಗ ಕೊಡ್ತೀರ ಎಂದು ಮೆಸೇಜಿನಲ್ಲೇ ಕೇಳಿ, ಫೋನಲ್ಲಿ ಬೇಡ. ಉತ್ತರವೂ ಬರಹದಲ್ಲೇ ಬರುವವರೆಗೆ ಬಾಕಿ ಹಣ ಕಟ್ಟಬೇಡಿ.