ಪ್ರಜ್ಞೆಯ ಅಧ್ಯಯನಕ್ಕೆ ಇಇಜಿಯೋ, ಎಫ್‌ಎಂಆರ್‌ಐಯೋ?

ಮಿದುಳಿನ ಜಾಲಗಳ ಅಧ್ಯಯನಕ್ಕೆ ಹೊರಟ ವಿದ್ಯಾರ್ಥಿ ತನ್ನ ಪ್ರಶ್ನೆ ಸಮಯದ್ದೋ ಸ್ಥಳದ್ದೋ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ನರಕೋಶಗಳ ವಿದ್ಯುತ್ ಚಟುವಟಿಕೆಯನ್ನು ನೆತ್ತಿಯ ಮೇಲಿಂದಲೇ ಮಿಲಿಸೆಕೆಂಡುಗಳ ನಿಖರತೆಯಲ್ಲಿ ದಾಖಲಿಸುವ ಇಇಜಿ, ಗ್ರಹಿಕೆ ಮೂಡುವ ಕ್ಷಣವನ್ನು ಹಿಡಿಯಲು ಸೂಕ್ತ. ಕಣ್ಣು ಮುಚ್ಚಿದೊಡನೆ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ 8ರಿಂದ 12 ಬಾರಿ ಏರಿಳಿಯುವ ಆಲ್ಫಾ ಅಲೆಗಳು ಪರದೆಯ ಮೇಲೆ ಎದ್ದು ಕಾಣುವುದನ್ನು ನೋಡಿದವರಿಗೆ ಇದರ ಶಕ್ತಿ ಮನವರಿಕೆಯಾಗುತ್ತದೆ. ಆದರೆ ಹೃದಯಬಡಿತ, ಉಸಿರಾಟಗಳ ಸಂಕೇತಗಳನ್ನು ಗ್ರಹಿಸುವ ಇನ್ಸುಲಾ ಎಂಬ ಭಾಗವು ಮಿದುಳಿನ ಮಡಿಕೆಯೊಳಗೆ ಹುದುಗಿರುವುದರಿಂದ, ಅಲ್ಲಿನ ಚಟುವಟಿಕೆಯನ್ನು ಇಇಜಿ ಸ್ಪಷ್ಟವಾಗಿ ಗುರುತಿಸಲಾರದು.

ಹೃದಯಬಡಿತ, ಉಸಿರಾಟಗಳಂಥ ದೇಹದ ಸ್ವನಿಯಂತ್ರಣವೇ ವಿಷಯವಾದರೆ, ದುಬಾರಿಯಾದರೂ ಮಿದುಳಿನ ಆಳದ ಚಟುವಟಿಕೆಯನ್ನೂ ಕಾಂತಕ್ಷೇತ್ರದ ನೆರವಿನಿಂದ ಚಿತ್ರಿಸುವ ಎಫ್‌ಎಂಆರ್‌ಐಯನ್ನೇ ಆರಿಸಿಕೊಳ್ಳುವುದು ಒಳಿತು. ಅದು ರಕ್ತದ ಆಮ್ಲಜನಕದ ಬದಲಾವಣೆಯನ್ನು ಆಧರಿಸಿರುವುದರಿಂದ ಸಂಕೇತವು ಗರಿಷ್ಠ ಮಟ್ಟ ತಲುಪಲು ಸುಮಾರು 5 ಸೆಕೆಂಡು ಬೇಕು. ಉಸಿರಾಟದ ಏರುಪೇರೂ ಅದೇ ಸಂಕೇತವನ್ನು ಕದಡುವುದರಿಂದ, ಉಸಿರನ್ನು ಪ್ರತ್ಯೇಕವಾಗಿ ದಾಖಲಿಸಲೇಬೇಕು.