ಆಗಸ್ಟ್‌ನಲ್ಲಿ ಕ್ರೀಟ್–ಸ್ಯಾಂಟೊರಿನಿ ಪ್ಯಾಕೇಜ್‌ಗೆ ಅಡ್ವಾನ್ಸ್ ಕೊಡುವ ಮುಂಚೆ

ಗ್ರೀಸ್ ದ್ವೀಪಗಳಿಗೆ ಹೋಗುವ ಯೋಚನೆಯಲ್ಲಿದ್ದೀರಾ? ಏಜೆಂಟ್ ಕೊಟ್ಟ ಇಟಿನರರಿಯಲ್ಲಿ ಮೊದಲ ದಿನ ನೋಡಬೇಡಿ, ಕೊನೆಯ ದಿನ ನೋಡಿ. "ತಿಂಡಿ ಮುಗಿಸಿ ಹಡಗಿನಲ್ಲಿ ಅಥೆನ್ಸ್‌ಗೆ, ಅದೇ ರಾತ್ರಿ ವಿಮಾನದಲ್ಲಿ ಬೆಂಗಳೂರಿಗೆ" ಅಂತ ಇದ್ದರೆ ಅಲ್ಲಿಂದ ಎದ್ದು ಬನ್ನಿ. ಆ ಒಂದು ಸಾಲಿನಿಂದ ನಮಗೆ ಬಿದ್ದ ಹೆಚ್ಚುವರಿ ಖರ್ಚು ಲಕ್ಷ ದಾಟಿತು. ದುಡ್ಡಿನ ಮಾತು ಆಮೇಲೆ. ಎಪ್ಪತ್ತು ದಾಟಿದ ನಮ್ಮ ಅತ್ತೆ ಬಂದರಿನಲ್ಲಿ ಸೂಟ್‌ಕೇಸ್ ಮೇಲೆ ಕೂತು ಸಂಜೆ ಪೂರ್ತಿ ಕಳೆದರಲ್ಲ, ಅದು ನನಗೆ ಇನ್ನೂ ಆರಿಲ್ಲ.

ಮಗ ಜರ್ಮನಿಯಲ್ಲಿ ಎಂ.ಎಸ್. ಓದುತ್ತಿದ್ದಾನೆ. ಅವನಿಗೆ ರಜೆ ಸಿಗುವುದು ಆಗಸ್ಟ್‌ನಲ್ಲಿ. ಎಲ್ಲರೂ ಒಂದು ಕಡೆ ಸೇರೋಣ, ಅತ್ತೆಗೂ ಸಮುದ್ರ ಅಂದರೆ ಇಷ್ಟ ಅಂತ 2025ರಲ್ಲಿ ಕ್ರೀಟ್ ಮತ್ತು ಸ್ಯಾಂಟೊರಿನಿ ಗೊತ್ತುಮಾಡಿದೆವು. ಬೆಂಗಳೂರಿನ ಒಬ್ಬ ಏಜೆಂಟ್ ಪೂರ್ತಿ ವ್ಯವಸ್ಥೆ ವಹಿಸಿಕೊಂಡರು. ದೂರು ಇನ್ನೂ ವಿಚಾರಣೆಯಲ್ಲಿದೆ, ಹಾಗಾಗಿ ಹೆಸರು ಹಾಕುವುದಿಲ್ಲ. ಕಾಮೆಂಟ್‌ನಲ್ಲೂ ಕೇಳಬೇಡಿ.

"ಎಲ್ಲಾ ಇನ್‌ಕ್ಲೂಡೆಡ್ ಮೇಡಂ, ನೀವು ಸುಮ್ನೆ ಬಟ್ಟೆ ಪ್ಯಾಕ್ ಮಾಡ್ಕೊಳ್ಳಿ" ಅಂದಿದ್ದರು.

ವೀಸಾ ವಿಷಯದಲ್ಲಿ ಅವರ ಬಗ್ಗೆ ದೂರಿಲ್ಲ. ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ, ಷೆಂಗೆನ್ ಅಂತ. ಜಾಸ್ತಿ ದಿನ ಗ್ರೀಸ್‌ನಲ್ಲೇ ಇರುವುದರಿಂದ ಅರ್ಜಿ ಗ್ರೀಸ್‌ಗೇ ಹಾಕಬೇಕು, ಹಾಕಿದರು. ತಲೆಗೆ 90 ಯೂರೋ ಶುಲ್ಕ, ಮೇಲೆ ಸರ್ವಿಸ್ ಚಾರ್ಜ್. ವೀಸಾ ಬಂತು. ಆದರೆ ವೀಸಾ ಫೈಲಿನಲ್ಲಿ ಇಟ್ಟಿದ್ದ ಹೋಟೆಲ್ ಒಂದು, ಹೊರಡುವ ವಾರದಲ್ಲಿ ಕೈಗೆ ಕೊಟ್ಟ ವೋಚರ್‌ನಲ್ಲಿದ್ದ ಹೋಟೆಲ್ ಇನ್ನೊಂದು. ಕೇಳಿದರೆ, ಕರಾರಿನಲ್ಲಿ "ಆರ್ ಸಿಮಿಲರ್" ಅಂತ ಇದೆಯಲ್ಲ ಮೇಡಂ ಅಂದರು. ನಾಲ್ಕು ಸ್ಟಾರ್ ಹೇಳಿದ್ದೆವು, ನಾಲ್ಕು ಸ್ಟಾರ್ ಕೊಟ್ಟಿದ್ದೇವೆ ಅನ್ನುವುದು ಅವರ ವಾದ.

ಸ್ಯಾಂಟೊರಿನಿಯಲ್ಲಿ ಈ ವಾದ ನಡೆಯುವುದಿಲ್ಲ. ಯಾಕೆ ಅಂದರೆ ಆ ದ್ವೀಪಕ್ಕೆ ಎರಡು ಮುಖ. ಫೋಟೋಗಳಲ್ಲಿ ನಾವು ನೋಡುವ ಬಿಳಿ ಮನೆಗಳು, ನೀಲಿ ಗುಮ್ಮಟಗಳು, ಕೆಳಗೆ ಆಳದಲ್ಲಿ ಸಮುದ್ರ, ಇವೆಲ್ಲ ಪಶ್ಚಿಮದ ಅಂಚಿನಲ್ಲಿವೆ. ಸುಮಾರು 3,600 ವರ್ಷಗಳ ಹಿಂದೆ ಜ್ವಾಲಾಮುಖಿ ಸಿಡಿದು ನೆಲ ಕುಸಿದ ಜಾಗ ಅದು, ಕ್ಯಾಲ್ಡೆರಾ ಅನ್ನುತ್ತಾರೆ. ಫೀರಾ, ಫಿರೊಸ್ಟೆಫಾನಿ, ಇಮೆರೊವಿಗ್ಲಿ, ಓಯಾ ಈ ಅಂಚಿನ ಊರುಗಳು. ಕಮಾರಿ, ಪೆರಿಸ್ಸಾ ಇನ್ನೊಂದು ಬದಿಯಲ್ಲಿವೆ. ಅಲ್ಲಿ ಕಪ್ಪು ಮರಳಿನ ತೀರ ಇದೆ, ಊಟದ ಬೆಲೆಯೂ ಸ್ವಲ್ಪ ಕಡಿಮೆ, ಕೆಟ್ಟ ಜಾಗ ಖಂಡಿತ ಅಲ್ಲ. ಆದರೆ ನಾವು ದುಡ್ಡು ಕೊಟ್ಟಿದ್ದು ಕ್ಯಾಲ್ಡೆರಾ ನೋಟದ ಕೋಣೆಗೆ, ಇಳಿಸಿದ್ದು ಪೆರಿಸ್ಸಾದಲ್ಲಿ. ಬಾಲ್ಕನಿಯಿಂದ ಕಾಣಿಸಿದ್ದು ಪಕ್ಕದ ಹೋಟೆಲಿನ ನೀರಿನ ಟ್ಯಾಂಕು. ಓಯಾದ ಸೂರ್ಯಾಸ್ತ ನೋಡಬೇಕಾದರೆ ಬಸ್ಸಿನಲ್ಲಿ ಫೀರಾಗೆ ಹೋಗಿ, ಅಲ್ಲಿ ಬಸ್ ಬದಲಿಸಬೇಕು. ಸೂರ್ಯ ಮುಳುಗಿದ ಮೇಲೆ ಇಡೀ ಓಯಾ ಒಟ್ಟಿಗೆ ಅದೇ ಬಸ್ ಸ್ಟಾಪಿಗೆ ಬರುತ್ತದೆ. ದ್ವೀಪದಲ್ಲಿ ಟ್ಯಾಕ್ಸಿ ಬೆರಳೆಣಿಕೆಯಷ್ಟು. ವೋಚರ್‌ನಲ್ಲಿ ಹೋಟೆಲಿನ ಹೆಸರಿನ ಜೊತೆ ಊರಿನ ಹೆಸರನ್ನೂ ಬರೆಸಿಕೊಳ್ಳಿ. ಬರೀ "ಸ್ಯಾಂಟೊರಿನಿ" ಅಂತ ಇದ್ದರೆ ಸಹಿ ಮಾಡಬೇಡಿ.

ಎಲ್ಲಾ ಸೇರಿದೆ ಅಂದಿದ್ದರಲ್ಲಾ, ಹೋಟೆಲಿನ ಕೌಂಟರ್‌ನಲ್ಲಿ ಮೊದಲ ದಿನವೇ ಬೇರೆ ದುಡ್ಡು ಕೇಳಿದರು. ಇದರಲ್ಲಿ ಹೋಟೆಲಿನವರ ಮೋಸ ಏನೂ ಇಲ್ಲ. ಹವಾಮಾನ ವಿಕೋಪಗಳ ಹೆಸರಿನಲ್ಲಿ ಗ್ರೀಸ್ ಸರ್ಕಾರ ಹಾಕಿರುವ ಶುಲ್ಕ ಅದು. ನಾವು ಹೋಗಿದ್ದ 2025ರಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಂದು ಕೋಣೆಗೆ ಒಂದು ರಾತ್ರಿಗೆ ಮೂರು ಸ್ಟಾರ್ ಆದರೆ 5 ಯೂರೋ, ನಾಲ್ಕಾದರೆ 10, ಐದಾದರೆ 15 ಇತ್ತು. ಎರಡು ಕೋಣೆಗೆ ಲೆಕ್ಕ ಹಾಕಿಕೊಳ್ಳಿ. ಗ್ರೀಸ್ ಪ್ಯಾಕೇಜ್ ಮಾರುವವರಿಗೆ ಇದು ಗೊತ್ತಿಲ್ಲದೇ ಇರುತ್ತದಾ?

ಇನ್ನು ಕ್ರೀಟ್. ಇಟಿನರರಿಯ ಆ ಸಾಲು ನನಗೆ ಬಾಯಿಪಾಠ ಆಗಿದೆ: "ಬೆಳಗ್ಗೆ ಅರ್ಧ ದಿನ ಸಮಾರಿಯಾ ಗಾರ್ಜ್ ವೀಕ್ಷಣೆ, ಮಧ್ಯಾಹ್ನ ಕ್ನೋಸೋಸ್ ಅರಮನೆ."

ಇದನ್ನು ಬರೆದವರು ಭೂಪಟವನ್ನಾದರೂ ನೋಡಿದ್ದರಾ ಅಂತ ನನಗೆ ಅನುಮಾನ. ಸಮಾರಿಯಾ ವೀಕ್ಷಣೆ ಮಾಡಿ ಬರುವ ಜಾಗವೇ ಅಲ್ಲ. ಅದು 16 ಕಿ.ಮೀ. ನಡಿಗೆ. ಒಮಾಲೋಸ್ ಅನ್ನುವ ಬೆಟ್ಟದ ಬಯಲಿನ ಅಂಚಿನಲ್ಲಿ, 1,200 ಮೀಟರ್‌ಗಿಂತ ಎತ್ತರದಲ್ಲಿ ಶುರುವಾಗಿ ಕಲ್ಲುಗಳ ಮೇಲೆ ಇಳಿಯುತ್ತಾ ಇಳಿಯುತ್ತಾ ದಕ್ಷಿಣದ ಕಡಲು ಮುಟ್ಟುತ್ತದೆ. ಕೆಳಗೆ ಸಿಗುವ ಅಯಿಯಾ ರೂಮೆಲಿ ಎಂಬ ಹಳ್ಳಿಗೆ ರಸ್ತೆಯೇ ಇಲ್ಲ. ಅಲ್ಲಿಂದ ದೋಣಿ ಹತ್ತಿ ಸೂಯಾ ಅಥವಾ ಸ್ಫಾಕಿಯಾಗೆ ಬಂದು, ಮತ್ತೆ ಬಸ್ ಹಿಡಿಯಬೇಕು. ಗಟ್ಟಿಮುಟ್ಟಾದವರಿಗೂ ಬೆಳಗಿನ ಜಾವದಿಂದ ರಾತ್ರಿಯವರೆಗಿನ ಕೆಲಸ. ಬಿಸಿಲು ಅತಿಯಾದ ದಿನ ಬಾಗಿಲನ್ನೇ ಮುಚ್ಚುತ್ತಾರೆ. ನಮ್ಮ ಅತ್ತೆಗೆ ಮಂಡಿ ನೋವು. ಇದನ್ನು ಬುಕಿಂಗ್ ಫಾರಂನಲ್ಲಿ ಬರೆದು ಕೊಟ್ಟಿದ್ದೆವು.

ಕ್ರೀಟ್‌ನ ಪಶ್ಚಿಮದ ಊರು ಚಾನಿಯಾದಿಂದ ಬಂದ ವ್ಯಾನಿನ ಡ್ರೈವರ್ ಕಾಗದ ನೋಡಿ, ಅತ್ತೆಯನ್ನು ನೋಡಿ, ಮತ್ತೆ ಕಾಗದ ನೋಡಿದರು. ಏನೂ ಹೇಳಲಿಲ್ಲ. ಮೇಲಿನ ಬಾಗಿಲಿನ ಹತ್ತಿರ ನಿಲ್ಲಿಸಿದರು. ಕಣಿವೆಯನ್ನು ಇಣುಕಿ ನೋಡಿ, ಕಾಫಿ ಕುಡಿದು ವಾಪಸ್ ಬಂದೆವು. ಕಡಲ ಕಡೆಯಿಂದಲೂ ಅಲ್ಲಿಗೆ ಒಂದು ದಾರಿ ಇದೆ ಅಂತ ಹೇಳಿದ್ದೂ ಅವರೇ. ಸ್ಫಾಕಿಯಾದಿಂದ ದೋಣಿಯಲ್ಲಿ ಅಯಿಯಾ ರೂಮೆಲಿಗೆ ಬಂದು, ಕೆಳಗಿನಿಂದ ಸ್ವಲ್ಪ ದೂರ ಮೇಲಕ್ಕೆ ನಡೆದರೆ ಕಣಿವೆಯ ಅತಿ ಕಿರಿದಾದ ಭಾಗ ಸಿಗುತ್ತದೆ. ಎರಡೂ ಕಡೆ ಆಕಾಶದೆತ್ತರದ ಬಂಡೆ, ನಡುವೆ ನಾಲ್ಕು ಮೀಟರ್‌ನಷ್ಟೇ ಜಾಗ. ಮಕ್ಕಳಿರುವವರಿಗೆ, ಪೂರ್ತಿ ನಡೆಯಲು ಆಗದವರಿಗೆ ಇದು ವಾಸಿ. ಏಜೆಂಟರಿಗೆ ಇದು ಗೊತ್ತಿದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಆಮೇಲೆ ಮಧ್ಯಾಹ್ನದ ಕ್ನೋಸೋಸ್. ಅದು ಇರುವುದು ಹೆರಾಕ್ಲಿಯನ್ ಪಕ್ಕದಲ್ಲಿ. ಚಾನಿಯಾದಿಂದ ಹೆರಾಕ್ಲಿಯನ್‌ಗೆ ಹೆಚ್ಚುಕಮ್ಮಿ ಬೆಂಗಳೂರು–ಮೈಸೂರಿನಷ್ಟು ದೂರ, ಅದೂ ಹಳೇ ರಸ್ತೆಯ ಮೈಸೂರು. ಒಮಾಲೋಸ್‌ನಿಂದ ಚಾನಿಯಾಗೆ ಇಳಿಯುವ ತಿರುವುಗಳು ಬೇರೆ. ಕ್ರೀಟ್ ಉದ್ದಕ್ಕೆ ಸುಮಾರು 260 ಕಿ.ಮೀ. ಇದೆ. ದ್ವೀಪ ಅಂದ ತಕ್ಷಣ ಒಂದು ಸುತ್ತು ಹಾಕಿ ಮುಗಿಸಬಹುದು ಅಂದುಕೊಳ್ಳುತ್ತಾರೆ, ಕ್ರೀಟ್‌ನಲ್ಲಿ ಅದು ಆಗದ ಮಾತು. ಪಶ್ಚಿಮ ನೋಡಬೇಕಾದರೆ ಚಾನಿಯಾದಲ್ಲಿ ಉಳಿಯಬೇಕು. ಕ್ನೋಸೋಸ್, ಮ್ಯೂಸಿಯಂ ನೋಡಬೇಕಾದರೆ ಹೆರಾಕ್ಲಿಯನ್‌ನಲ್ಲಿ ಉಳಿಯಬೇಕು. ನಮ್ಮನ್ನು ಒಂದೇ ಹೋಟೆಲಿನಲ್ಲಿಟ್ಟು ದಿನಾ ಅತ್ತಿಂದಿತ್ತ ಓಡಾಡಿಸಿದರು. ಅರಮನೆಗೆ ತಲುಪುವಷ್ಟರಲ್ಲಿ ಅತ್ತೆ ವ್ಯಾನಿನಿಂದ ಇಳಿಯಲೇ ಇಲ್ಲ. "ನೀವು ನೋಡ್ಕೊಂಡು ಬನ್ರಮ್ಮಾ, ನಾನಿಲ್ಲೇ ಇರ್ತೀನಿ" ಅಂದರು.

ಊಟದ ಬಗ್ಗೆ ಮಾತ್ರ ಒಂದು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ. ಪ್ಯಾಕೇಜ್‌ನ "ಇಂಡಿಯನ್ ಡಿನ್ನರ್" ಬಾಯಿಗಿಡಲು ಆಗಲಿಲ್ಲ. ಆದರೆ ಆಗಸ್ಟ್ 1ರಿಂದ 14ರವರೆಗೆ ಗ್ರೀಕ್ ಆರ್ಥೊಡಾಕ್ಸ್ ಕ್ರೈಸ್ತರಿಗೆ ಉಪವಾಸದ ದಿನಗಳು. ಮಾಂಸ, ಹಾಲು, ಮೊಟ್ಟೆ ಬಿಟ್ಟ ಅಡುಗೆಗೆ ಅವರು "ನಿಸ್ತಿಸಿಮೋ" ಅನ್ನುತ್ತಾರೆ. ಊರಿನ ಸಣ್ಣ ಹೋಟೆಲಿನಲ್ಲಿ ಈ ಪದ ಹೇಳಿದರೆ ಅಕ್ಕಿ ತುಂಬಿದ ಟೊಮೆಟೊ, ದಪ್ಪ ಬಿಳಿ ಅವರೆಯಂಥ ಕಾಳಿನ ಗೊಜ್ಜು, ಸೊಪ್ಪಿನ ಪಲ್ಯ ಎಲ್ಲಾ ಬರುತ್ತದೆ. ಅತ್ತೆ ನೆಮ್ಮದಿಯಾಗಿ ಉಂಡಿದ್ದು ಅಲ್ಲಿ ಮಾತ್ರ. ಒಂದು ಹುಷಾರು: ಸಿಗಡಿ, ಆಕ್ಟೋಪಸ್ ಅವರ ಉಪವಾಸಕ್ಕೆ ಬಾಧಕವಲ್ಲ. ಅದೂ ಬೇಡ ಅಂತ ಬಾಯಿಬಿಟ್ಟು ಹೇಳಬೇಕು.

ಈ ಉಪವಾಸ ಮುಗಿಯುವುದು ಆಗಸ್ಟ್ 15ಕ್ಕೆ, ಮೇರಿ ಮಾತೆಯ ಹಬ್ಬದಂದು. ನಮಗೆ ಸ್ವಾತಂತ್ರ್ಯ ದಿನ, ಅವರಿಗೆ ಬೇಸಿಗೆಯ ಅತಿ ದೊಡ್ಡ ಹಬ್ಬ. ಅಥೆನ್ಸ್‌ನವರೆಲ್ಲ ಊರು ಬಿಟ್ಟು ದ್ವೀಪಗಳಿಗೆ ಬರುತ್ತಾರೆ. ಹಡಗು, ಕೋಣೆ, ವಿಮಾನ ಎಲ್ಲಾ ಭರ್ತಿ. ನಮ್ಮ ವಾಪಸ್ ಪ್ರಯಾಣವನ್ನು ಏಜೆಂಟ್ ಇಟ್ಟಿದ್ದು ಸರಿಯಾಗಿ ಆ ಹಬ್ಬದ ಆಸುಪಾಸಿನಲ್ಲಿ.

ಅದರ ಮೇಲೆ ಗಾಳಿ. ಜುಲೈ, ಆಗಸ್ಟ್‌ನಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಒಂದು ಒಣಗಾಳಿ ಬೀಸುತ್ತದೆ, ಮೆಲ್ಟೆಮಿ ಅಂತ. ಮಳೆ ಇಲ್ಲ, ಮೋಡ ಇಲ್ಲ, ಆಕಾಶ ಶುಭ್ರ ನೀಲಿ. ಹಾಗಾಗಿ ನಮ್ಮಂಥವರಿಗೆ ಏನೂ ಅನ್ನಿಸುವುದಿಲ್ಲ, ತಂಪಾಗಿದೆ ಅಂತ ಖುಷಿಯೇ ಆಗುತ್ತದೆ. ಸಮುದ್ರ ಮಾತ್ರ ಬಿಳಿ ನೊರೆ ಕಾರುತ್ತಿರುತ್ತದೆ. ಗಾಳಿ ಒಂದು ಮಟ್ಟ ಮೀರಿದರೆ ಬಂದರಿನ ಅಧಿಕಾರಿಗಳು ಹಡಗು ಬಿಡುವುದನ್ನೇ ನಿಷೇಧಿಸುತ್ತಾರೆ. ಮೊದಲು ನಿಲ್ಲುವುದು ವೇಗದ ಸಣ್ಣ ಹಡಗುಗಳು, ದೊಡ್ಡವು ಆಮೇಲೆ. ಒಮ್ಮೊಮ್ಮೆ ದಿನಗಟ್ಟಲೆ ಬಿಡದೆ ಬೀಸುತ್ತದೆ. ನಮ್ಮ ಟಿಕೆಟ್ ಇದ್ದದ್ದು ವೇಗದ ಹಡಗಿಗೆ.

ನಾವು ಹಡಗು ಹತ್ತಬೇಕಿದ್ದ ಸ್ಯಾಂಟೊರಿನಿಯ ಅಥಿನಿಯೋಸ್ ಬಂದರು ಕಡಿದಾದ ಬಂಡೆಯ ಬುಡದಲ್ಲಿದೆ. ಹೇರ್‌ಪಿನ್ ತಿರುವುಗಳಲ್ಲಿ ಇಳಿದು ಹೋಗಬೇಕು, ನೆರಳು ಕಡಿಮೆ. ಅಲ್ಲಿಗೆ ತಲುಪಿದ ಮೇಲೆ ಹಡಗು ರದ್ದು ಅಂತ ಗೊತ್ತಾಯಿತು. ಟಿಕೆಟ್ ಏಜೆಂಟರ ಇಮೇಲ್‌ನಲ್ಲಿ ಆಗಿತ್ತು, ರದ್ದಾದ ಸಂದೇಶವೂ ಅವರಿಗೇ ಹೋಗಿತ್ತು. ಅವರು ನಮಗೆ ತಿಳಿಸಲಿಲ್ಲ. ನಾವು ಫೋನ್ ಮಾಡಿದಾಗ ಅಲ್ಲಿ ಮಧ್ಯಾಹ್ನ ನಾಲ್ಕೂವರೆ, ಇಲ್ಲಿ ಸಂಜೆ ಏಳು. "24 ಗಂಟೆ ಸಹಾಯವಾಣಿ"ಯಲ್ಲಿ ಎತ್ತಿದ ಹುಡುಗ "ಆಫೀಸ್ ಕ್ಲೋಸ್ ಆಗಿದೆ ಮೇಡಂ, ನಾಳೆ ಸರ್ ಬರ್ತಾರೆ" ಅಂದ. ಆ ರಾತ್ರಿ ಅಥೆನ್ಸ್‌ನಿಂದ ನಮ್ಮ ವಿಮಾನ ನಮ್ಮನ್ನು ಬಿಟ್ಟು ಹೊರಟಿತು.

ಯುರೋಪಿನ ನಿಯಮದ ಪ್ರಕಾರ ಹಡಗು ರದ್ದಾದರೆ ದುಡ್ಡು ವಾಪಸ್ ಅಥವಾ ಬೇರೆ ಹಡಗಿನಲ್ಲಿ ಜಾಗ, ಎರಡರಲ್ಲಿ ಒಂದನ್ನು ನಾವು ಕೇಳಬಹುದು. ಹವಾಮಾನದಿಂದ ರದ್ದಾಗಿದ್ದರೆ ಅದರ ಮೇಲೆ ಪರಿಹಾರ ಸಿಗುವುದಿಲ್ಲ. ತಪ್ಪಿಹೋದ ವಿಮಾನಕ್ಕೂ ಹಡಗಿನವರಿಗೂ ಸಂಬಂಧವಿಲ್ಲ. ಬೇರೆ ಬೇರೆ ಟಿಕೆಟ್ ಆದ್ದರಿಂದ ವಿಮಾನದವರ ಲೆಕ್ಕದಲ್ಲಿ ನಾವು ಬಾರದೇ ಇದ್ದವರು, ಅಷ್ಟೆ. ಹಬ್ಬದ ದೆಸೆಯಿಂದ ಸ್ಯಾಂಟೊರಿನಿಯಿಂದ ಅಥೆನ್ಸ್‌ಗೆ ವಿಮಾನದಲ್ಲೂ ಸೀಟಿಲ್ಲ. ಕೊನೆಗೆ ದೊಡ್ಡ ಹಡಗೊಂದು ಮಾರನೇ ರಾತ್ರಿ ಹೊರಟಿತು, ಅದರಲ್ಲಿ ಕೂತು ಅಥೆನ್ಸ್‌ನ ಬಂದರು ಪಿರೇಯಸ್ ಸೇರಿದೆವು. ಅಲ್ಲಿಂದ ಮೆಟ್ರೊ ನೇರವಾಗಿ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ, ಅದೊಂದು ಸುಖ. ಬೆಂಗಳೂರಿಗೆ ಹೊಸ ಟಿಕೆಟ್‌ಗಳನ್ನು ಆ ದಿನದ ಬೆಲೆಗೆ ಕೊಂಡೆವು.

ಇನ್ಶೂರೆನ್ಸ್ ಇತ್ತಲ್ಲಾ ಅಂತ ನೀವು ಕೇಳಬಹುದು. ಷೆಂಗೆನ್ ವೀಸಾಗೆ ಕಡ್ಡಾಯವಾಗಿರುವುದು 30,000 ಯೂರೋ ವೈದ್ಯಕೀಯ ವಿಮೆ. ಏಜೆಂಟ್ ಮಾಡಿಸಿದ್ದು ಅಷ್ಟನ್ನೇ, ಅದೂ ಅತಿ ಅಗ್ಗದ್ದು. ಮುಂದಿನ ವಿಮಾನ ತಪ್ಪಿದರೆ ಹಣ ಕೊಡುವ ಕವರ್ ಬೇರೆ, ಅದನ್ನು ಕೇಳಿ ಹಾಕಿಸಿಕೊಳ್ಳಬೇಕು. ಇನ್ನೊಂದು, ವೀಸಾ ಸ್ಟಿಕರ್‌ನಲ್ಲಿ ಎಷ್ಟು ದಿನ ಇರಬಹುದು ಅಂತ ಒಂದು ಸಂಖ್ಯೆ ಇರುತ್ತದೆ. ಹೊರಡುವ ಮುಂಚೆ ಅದನ್ನು ನೋಡಿಕೊಳ್ಳಿ. ನಮಗೆ ಅದರಲ್ಲಿ ಕೆಲವು ದಿನ ಮಿಕ್ಕಿದ್ದವು, ಬಚಾವಾದೆವು. ಸರಿಯಾಗಿ ಪ್ರವಾಸದಷ್ಟೇ ದಿನ ಕೊಟ್ಟಿದ್ದರೆ ಆ ಚಿಂತೆಯೂ ತಲೆ ಮೇಲೆ ಬೀಳುತ್ತಿತ್ತು.

ಮಗ ತನ್ನ ಜರ್ಮನಿ ಟಿಕೆಟನ್ನು ತಾನೇ ಮಾಡಿಕೊಂಡಿದ್ದ. ಅಥೆನ್ಸ್‌ನಲ್ಲಿ ಒಂದು ರಾತ್ರಿ ಬಿಟ್ಟು ಮರುದಿನ ಸಂಜೆಯದ್ದು. ಅವನದೂ ತಪ್ಪಿತು ಅನ್ನಿ, ಇಡೀ ಒಂದು ದಿನ ಕಾಯಬೇಕಾಗಿತ್ತಲ್ಲ. ಹಾಗಾಗಿ ಹಬ್ಬದ ವಾರದಲ್ಲಿ ಒಂದು ರಾತ್ರಿಯೂ ಸಾಲದು, ಎರಡು ಇಟ್ಟುಕೊಳ್ಳಿ. ಇಲ್ಲವೇ ದ್ವೀಪಗಳನ್ನು ಮೊದಲು ಮುಗಿಸಿ ಅಥೆನ್ಸ್ ಕೊನೆಗೆ ನೋಡಿ. ಅಕ್ರೊಪೊಲಿಸ್ ಎಲ್ಲಿಗೂ ಹೋಗುವುದಿಲ್ಲ. ನಮ್ಮ ಮಕ್ಕಳ ಬೇಸಿಗೆ ರಜೆ ಇರುವುದು ಏಪ್ರಿಲ್–ಮೇನಲ್ಲಿ. ಮೇ ತಿಂಗಳಲ್ಲಿ ಹೋಗಲು ಆಗುವವರು ಆಗಸ್ಟ್‌ನ ತಂಟೆಗೇ ಹೋಗಬೇಡಿ. ನೀರು ಸ್ವಲ್ಪ ತಣ್ಣಗಿರುತ್ತದೆ, ಆದರೆ ಜನ ಕಡಿಮೆ, ಬೆಟ್ಟದ ಮೇಲೆ ಹೂವೂ ಇರುತ್ತದೆ ಅಂತ ಆ ವ್ಯಾನ್ ಡ್ರೈವರ್ ಹೇಳಿದರು.

ವಾಪಸ್ ಬಂದ ಮೇಲೆ ಏಜೆಂಟರ ಉತ್ತರ ಒಂದೇ: ಪ್ರಕೃತಿ ವಿಕೋಪ, ಕರಾರಿನಲ್ಲಿದೆ, ನಾವು ಹೊಣೆಯಲ್ಲ. ನಾನು ಒಪ್ಪುವುದಿಲ್ಲ. ಈ ಗಾಳಿ ಪ್ರತಿ ಬೇಸಿಗೆಯಲ್ಲೂ ಬರುತ್ತದೆ. ಅರಿಸ್ಟಾಟಲ್ ಕಾಲದಲ್ಲೇ ಇದರ ಬಗ್ಗೆ ಬರೆದಿಟ್ಟಿದ್ದಾರೆ. ಮುಂಗಾರಿನಲ್ಲಿ ಆಗುಂಬೆಗೆ ಕಳಿಸಿ, ಮಳೆ ಬಂದದ್ದು ಅನಿರೀಕ್ಷಿತ ಅಂತ ಯಾರಾದರೂ ಹೇಳಿದರೆ ಕೇಳಿಕೊಂಡು ಸುಮ್ಮನಿರುತ್ತೀರಾ? ಹಡಗಿನವರು ವಾಪಸ್ ಕೊಟ್ಟ ಟಿಕೆಟ್ ಹಣವೂ ಏಜೆಂಟರ ಖಾತೆಗೆ ಹೋಗಿ ಕೂತಿದೆ, ನಮಗೆ ಬಂದಿಲ್ಲ. ವಿದೇಶ ಪ್ಯಾಕೇಜ್ ಮೇಲೆ ಏಜೆಂಟರು ನಮ್ಮಿಂದ ಹಿಡಿಯುವ ತೆರಿಗೆ, ಅಂದರೆ ಟಿಸಿಎಸ್ ಕೂಡ, ನಮ್ಮ ಹೆಸರಿಗೆ ಜಮಾ ಆದ ತೆರಿಗೆಯ ಪಟ್ಟಿಯಾದ ಫಾರಂ 26ಎಎಸ್‌ನಲ್ಲಿ ಕಾಣಿಸಲು ಎಷ್ಟೋ ಸಲ ಬೆನ್ನು ಬೀಳಬೇಕಾಯಿತು. ನೀವೂ ನಿಮ್ಮ ತೆರಿಗೆ ಪಟ್ಟಿಯನ್ನು ತೆಗೆದು ನೋಡಿ. ಟಿಸಿಎಸ್ ನಿಮ್ಮ ಆದಾಯ ತೆರಿಗೆಗೆ ಜಮಾ ಆಗಬೇಕಾದ ದುಡ್ಡು.

ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆವು. ಅವರು ಏಜೆಂಟರಿಗೆ ಪತ್ರ ಕಳಿಸಿದರು, ಉತ್ತರ ಬರಲಿಲ್ಲ. ಆಮೇಲೆ ಇ-ಜಾಗೃತಿ ತಾಣದ ಮೂಲಕ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟೆವು. ನೀವು ವಾಸ ಇರುವ ಜಿಲ್ಲೆಯಲ್ಲೇ ಕೊಡಬಹುದು, ವಕೀಲರು ಬೇಕೇ ಬೇಕು ಅಂತಿಲ್ಲ. ಕೊಟ್ಟ ಹಣ ಐದು ಲಕ್ಷದೊಳಗೆ ಇದ್ದರೆ ಶುಲ್ಕವೂ ಇಲ್ಲ. ಬ್ರೋಷರ್, ವಾಟ್ಸಾಪ್ ಮಾತುಕತೆ, ಎರಡೂ ಹೋಟೆಲ್ ವೋಚರ್, ಹಡಗು ರದ್ದಾದ ಚೀಟಿ, ಹೊಸ ಟಿಕೆಟ್ ಬಿಲ್ಲು ಎಲ್ಲಾ ಜೋಡಿಸಿ ಕೊಟ್ಟಿದ್ದೇವೆ. ಫೋನಿನಲ್ಲಿ ಆದ ಮಾತಿಗೆ ಮಾತ್ರ ನಮ್ಮ ಹತ್ತಿರ ದಾಖಲೆ ಇಲ್ಲ. ನೀವು ಏಜೆಂಟರ ಜೊತೆ ಫೋನಿನಲ್ಲಿ ಮಾತಾಡಿದರೆ, ಇಟ್ಟ ತಕ್ಷಣ ಅದನ್ನೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, ಅವರಿಂದ "ಓಕೆ" ಅನ್ನಿಸಿಕೊಳ್ಳಿ.